ಮಹಬೂಬೀಯ ಓದುಗರು

ರಾಯಚೂರಿನ ಬಿಸಿಲಿನಲ್ಲಿ, ಸೀರೆಯ ಮೇಲೆ ದಪ್ಪ ಖಾಕಿ ಕೋಟು ತೊಟ್ಟು ತಿರುಗುತ್ತಿದ್ದ ಹೆಂಗಸು ಆಕೆಯೊಬ್ಬಳೇ. ಎಡ ಹೆಗಲ ಮೇಲೆ ಹಸಿರು, ಕೆಂಪು ಗಾಜಿನ ಬಳೆಗಳ ಮಲಾರ. ಆ ಭಾರಕ್ಕೆ ಎಡಕ್ಕೆ ವಾಲಿದ ಮೈ. ವಾಲಿದರೂ ಆತುರವಿಲ್ಲದ, ದಾರಿಯೆಲ್ಲ ತನ್ನದೇ ಎಂಬಂಥ ನಡಿಗೆ. ಕೋಟು ತೀರಿಹೋದ ಅಪ್ಪನದು. ಅದರ ಒಳಗೂ ಹೊರಗೂ ಆಕೆ ತಾನೇ ಹೊಲಿದುಕೊಂಡ ಆರು ಜೇಬುಗಳಿದ್ದವು, ಆರರಲ್ಲೂ ಕನ್ನಡ ಪುಸ್ತಕಗಳಿದ್ದವು. ಓಣಿಯಲ್ಲಿ ನಿಂತು "ಬಳೀ ಬೇಕೇನ್ರೀ" ಎಂದು ಕೂಗಿದರೆ ಎಲ್ಲ ಮನೆಗಳಿಗೂ ಕರೆ. "ಹೊಸವು ಬಂದಾವ್ರೀ" ಎಂದರೆ ಮಾತ್ರ ಓದುವ ಹೆಂಗಸರು ಒಲೆಯ ಮೇಲಿನದನ್ನು ಇಳಿಸಿ ಬಾಗಿಲಿಗೆ ಬರುತ್ತಿದ್ದರು.

ಕಾಲೇಜಿನಲ್ಲಿ ಕನ್ನಡ ಪಾಠ ಹೇಳಲು ನಾನು ಆ ಊರಿಗೆ ಬಂದದ್ದು ೧೯೭೪ರಲ್ಲಿ. ನನ್ನ ಹೆಂಡತಿಗೆ ಬಳೆ ತೊಡಿಸಲು ಬಂದ ಮಹಬೂಬೀ, ಕೈ ಹಿಡಿದು ಬಳೆ ಏರಿಸುತ್ತಲೇ ಕಣ್ಣನ್ನು ನನ್ನ ಪುಸ್ತಕದ ಅಲಮಾರಿನ ಮೇಲೆ ಹರಿಸಿ, ಹೋಗುವಾಗ ಒಂದು ಕಾದಂಬರಿಯನ್ನು ಕೇಳಿ ಒಯ್ದಳು. ಅದು ನಾನು ತರಗತಿಯಲ್ಲಿ ಬಾಯಿತುಂಬ ಹೊಗಳುತ್ತಿದ್ದ ಕೃತಿ. ಎಂಟು ದಿನಕ್ಕೆ ಮರಳಿ ಬಂದು ಅದನ್ನು ನನ್ನ ಮೇಜಿನ ಮೇಲಿಟ್ಟಳು.

"ಸರ, ಇದ್ರಾಗ ತೊಂಬತ್ತಾರನೇ ಪುಟ ಆದಮ್ಯಾಲೆ ಒಮ್ಮೆಲೇ ನೂರಾ ಹದಿಮೂರು ಬರ್ತದ. ನಡುವ ಏನಾಗ್ಯದ, ಸ್ವಲ್ಪ ಹೇಳ್ರಿ."

ಪುಸ್ತಕ ಕಟ್ಟುವಾಗ ಹದಿನಾರು ಪುಟ ಬಿಟ್ಟುಹೋಗಿದ್ದವು. ನಾಲ್ಕು ವರ್ಷದಿಂದ ನನ್ನಲ್ಲಿದ್ದ ಪ್ರತಿ ಅದು. ನನಗೆ ಗೊತ್ತೇ ಇರಲಿಲ್ಲ. ನಾನು ತಡವರಿಸುವುದನ್ನು ಒಂದು ಗಳಿಗೆ ನೋಡಿ, "ಹೋಗ್ಲಿ ಬಿಡ್ರಿ ಸರ, ನಿಮಗ ಕೆಲಸ ಬಾಳ ಇರ್ತಾವ" ಎಂದಳು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅದಕ್ಕೇ ನಾಚಿಕೆ ಇಮ್ಮಡಿಯಾಯಿತು. ಆ ವಾರವೇ ಗ್ರಂಥಾಲಯದ ಪ್ರತಿ ತಂದು, ಆ ಪುಸ್ತಕವನ್ನು ನಾನು ಮೊದಲ ಸಲ ಪೂರ್ತಿ ಓದಿದೆ.

ಓದು ಆಕೆಗೆ ದಕ್ಕಿದ್ದು ಮಾನ್ವಿಯಲ್ಲಿ. ಅಪ್ಪ ಪೀರಾ ಸಾಬ್ ಅಲ್ಲೊಂದು ಸಣ್ಣ ವಾಚನಾಲಯದ ಜವಾನ. ಉರ್ದು ಚೆನ್ನಾಗಿ ಓದುತ್ತಿದ್ದ ಆತನಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಐವತ್ತಾರರಲ್ಲಿ ಆ ಸೀಮೆ ಕನ್ನಡ ರಾಜ್ಯಕ್ಕೆ ಸೇರಿ ಕನ್ನಡ ಪುಸ್ತಕಗಳ ಪೆಟ್ಟಿಗೆಗಳು ಬಂದಿಳಿದಾಗ ಆತ ಕಂಗಾಲಾದ. ಓದಲು ಬಾರದೆಂದು ಗೊತ್ತಾದರೆ ನೌಕರಿ ಹೋಗುತ್ತದೆಂದು ಹೆದರಿದ. ಕನ್ನಡ ಶಾಲೆಯಲ್ಲಿ ಎರಡನೆಯ ಇಯತ್ತೆಯಲ್ಲಿದ್ದ ಮಗಳು ಶಾಲೆ ಬಿಟ್ಟೊಡನೆ ಅಲ್ಲಿಗೆ ಹೋಗಿ ಒಂದೊಂದೇ ಹೆಸರನ್ನು ಓದಿ ಹೇಳತೊಡಗಿದಳು. ಬರೀ ಹೆಸರು ಅಪ್ಪನ ನೆನಪಿನಲ್ಲಿ ನಿಲ್ಲಲಿಲ್ಲ. ಆಗ ಆಕೆ ಪುಸ್ತಕವನ್ನೇ ಓದಿ, ಕತೆಯನ್ನು ಮನೆಮಾತಾದ ದಖನಿಯಲ್ಲಿ ಹೇಳಿ, ನೀಲಿ ರಟ್ಟಿನದು ತಾಯಿಯನ್ನು ಹುಡುಕಿಕೊಂಡು ಹೋದ ಹುಡುಗಿಯದು, ಹರಿದ ಬೆನ್ನಿನದು ಕಳ್ಳನಾದ ಗೌಡನದು ಎಂದು ಗುರುತು ಹಚ್ಚಿಸಿದಳು. ಅಪ್ಪನ ಅನ್ನಕ್ಕಾಗಿ ಓದಬೇಕಾಗಿದ್ದುದರಿಂದ ಒಂದು ಪುಟವನ್ನೂ ಹಾರಿಸುವಂತಿರಲಿಲ್ಲ. ಹತ್ತು ತುಂಬುವ ಹೊತ್ತಿಗೆ ಎರಡು ಅಲಮಾರು ಮುಗಿದಿದ್ದವು.

ಒಮ್ಮೆ ತಪಾಸಣೆಗೆ ಬಂದ ಅಧಿಕಾರಿ ಒಂದು ಪುಸ್ತಕ ಕೇಳಿದಾಗ ಪೀರಾ ಸಾಬ್ ನೇರವಾಗಿ ಅದನ್ನೇ ತೆಗೆದುಕೊಟ್ಟು, ಕತೆಯ ಬಗ್ಗೆ ಎರಡು ಮಾತನ್ನೂ ಆಡಿದನಂತೆ. "ಬಾಳ ಓದ್ತೀರಿ ನೀವು" ಎಂದು ಅಧಿಕಾರಿ ಬೆರಗಾದರಂತೆ. ಮನೆಗೆ ನಡೆಯುವಾಗ ಅಪ್ಪ ಮಗಳ ತಲೆಯ ಮೇಲೆ ಕೈಯಿಟ್ಟು, "ಮೇರಿ ನೌಕರಿ ತೂಚ್ ಬಚಾಯಿ, ಬೇಟಿ" ಎಂದ. ನನ್ನ ನೌಕರಿ ಉಳಿಸಿದವಳು ನೀನೇ ಎಂಬ ಆ ಮಾತನ್ನು ಹೇಳುವಾಗ, ಇಪ್ಪತ್ತು ವರ್ಷದ ಮೇಲೂ ಮಹಬೂಬೀಯ ಬೆನ್ನು ನೆಟ್ಟಗಾಗುತ್ತಿತ್ತು.

ಮದುವೆಯಾಗಿ ರಾಯಚೂರಿಗೆ ಬಂದಳು. ಗಂಡ ಗುಲಾಮ್ ದಸ್ತಗೀರ್ ಬಳೆ ಅಂಗಡಿಯಲ್ಲಿ ಕೂತರೆ, ಈಕೆ ಮಲಾರ ಹೊತ್ತು ಊರು ತಿರುಗಿದಳು. ವಾರಕ್ಕೊಮ್ಮೆ ಬಸ್ಸು ಹಿಡಿದು ದೇವದುರ್ಗಕ್ಕೂ ಹೋದಳು. ಪುಸ್ತಕಕ್ಕೆ ಬಾಡಿಗೆ ಪಡೆಯುತ್ತಿರಲಿಲ್ಲ. ಮರಳಿಸುವಾಗ ಒಂದು ಪ್ರಶ್ನೆಗೆ ಉತ್ತರ ಹೇಳಬೇಕಿತ್ತು: "ಯಾರ ಮ್ಯಾಲೆ ಸಿಟ್ಟು ಬಂತ್ರಿ?" ಯಾರ ಮೇಲೂ ಇಲ್ಲವೆಂದವರಿಗೆ ಅದೇ ಪುಸ್ತಕವನ್ನು ತಿರುಗಿ ಕೊಟ್ಟುಹೋಗುವಷ್ಟು ಹಟಮಾರಿ.

ಎಂಬತ್ತೊಂದರಲ್ಲಿ ಆ ಹಟಕ್ಕೆ ಪೆಟ್ಟು ಬಿತ್ತು. ದೇವದುರ್ಗದ ಅಕ್ಕಿ ಗಿರಣಿಯ ಮಾಲೀಕ ಗಡಿಗೆಪ್ಪನವರ ಸೊಸೆ ಅಂಬಮ್ಮ, ಮಹಬೂಬೀ ಕೊಟ್ಟಿದ್ದ ಕಾದಂಬರಿಯನ್ನು ಓದಿದ ವಾರದಲ್ಲೇ ಟ್ರಂಕು ತುಂಬಿಕೊಂಡು ತವರೂರಾದ ಮಟಮಾರಿಗೆ ಹೋಗಿಬಿಟ್ಟಳು. ಆ ಕಾದಂಬರಿಯ ನಾಯಕಿಯೂ ಗಂಡನ ಮನೆ ಬಿಟ್ಟು ಹೊರಟವಳೇ. ದೇವದುರ್ಗದ ಓಣಿಗಳಲ್ಲಿ ಮಹಬೂಬೀಯನ್ನು ಕರೆಯುವವರಿಲ್ಲವಾದರು. ಪುಸ್ತಕ ಬಿಟ್ಟು ಬಳೆ ಮಾರು ಎಂದು ಗಂಡ ಗದರಿದ. ನಾನೂ ಮೆತ್ತಗೆ ಅದನ್ನೇ ಹೇಳಿದೆ.

"ಪುಸ್ತಕದಿಂದನ ಹೋಗಿದ್ರ ತಪ್ಪು ನಂದು ಸರ. ಆದ್ರ ಆಕಿ ಯಾಕ ಹೋದ್ಲು ಅಂತ ಇನ್ನೂ ಯಾರೂ ಆಕೀನ ಕೇಳಿಲ್ಲ" ಎಂದಳು. ಮಲಾರವನ್ನು ಹೆಗಲಿಗೇರಿಸುತ್ತ, "ನನಗೂ ಅಂಜಿಕಿ ಅದ, ಆದ್ರ ಆ ಮನಿಗೆ ಹೋಗ್ತೀನಿ" ಎಂದಳು.

ಅಂಬಮ್ಮನ ಗಂಡ ನನ್ನ ಹಳೆಯ ವಿದ್ಯಾರ್ಥಿ. ಆ ನೆಪದಲ್ಲಿ ನಾನೂ ಆಕೆಯೊಂದಿಗೆ ದೇವದುರ್ಗಕ್ಕೆ ಹೋದೆ. ಗಿರಣಿಯ ಕಟ್ಟೆಯ ಮೇಲೆ ಕೂತಿದ್ದ ಗಡಿಗೆಪ್ಪ ಆಕೆಯನ್ನು ಕಂಡೊಡನೆ ಎದ್ದುನಿಂತರು.

"ನಮ್ಮನಿ ಮುರದಾಕಿ, ಈಗೇನು ನೋಡಾಕ ಬಂದಿ?"

ಮಹಬೂಬೀ ಹೆಗಲಿನಿಂದ ಮಲಾರ ಇಳಿಸಿ, ಇಡೀ ಮಲಾರವನ್ನೇ ಅವರ ಕಾಲ ಬಳಿ ಕಟ್ಟೆಯ ಮೇಲಿಟ್ಟಳು. ಪಕ್ಕದಲ್ಲಿ ಅದೇ ಕಾದಂಬರಿಯ ಇನ್ನೊಂದು ಪ್ರತಿ ಇಟ್ಟಳು.

"ಮುರದಾಕಿ ನಾನಾ ಆಗಿದ್ರ ಇದನ್ನ ಒಡದು ಹಾಕ್ರಿ ಯಪ್ಪಾ, ಮತ್ತ ಈ ಊರಿಗೆ ಬರಂಗಿಲ್ಲ. ಆದ್ರ ಮದಲ ಓದ್ರಿ. ಓದಿ ಬೈರಿ."

ಎಂಟು ದಿನ ಬಳೆಯಿಲ್ಲದ ಬಳೆಗಾರ್ತಿಯಾಗಿ ಆಕೆ ಮನೆಯಲ್ಲಿ ಕೂತಳು. ಒಂಬತ್ತನೆಯ ದಿನ ಮತ್ತೆ ಇಬ್ಬರೂ ಹೋದೆವು. ಮಲಾರ ಕಟ್ಟೆಯ ಒಳಬದಿಗೆ, ಒಂದು ಬಳೆಯೂ ಬಿರಿಯದಂತೆ ಗೋಣಿಚೀಲದ ಮೇಲಿತ್ತು. ಗಡಿಗೆಪ್ಪ ಬಯ್ಯಲಿಲ್ಲ, ಕೂತುಕೊಳ್ಳಿರೆಂದರು.

"ಯಾರ ಮ್ಯಾಲೆ ಸಿಟ್ಟು ಬಂತ್ರಿ ಯಪ್ಪಾ?"

ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಆ ಮಾವನ ಮ್ಯಾಲೆ," ಎಂದರು ಕಡೆಗೆ. "ಇಡೀ ಪುಸ್ತಕದಾಗ ಒಂದು ಸರ್ತಿನೂ ಸೊಸಿ ಮುಂದ ಕುಂತು, ಏನವ್ವಾ ಅಂತ ಕೇಳಿಲ್ಲಲ್ಲ ಅಂವ."

ಮರುದಿನ ಅವರು ಒಬ್ಬರೇ ಮಟಮಾರಿಗೆ ಹೋದರು. ಅಂಬಮ್ಮನಿಗೆ ಆ ವರ್ಷ ಕೂಸು ಸತ್ತು ಹುಟ್ಟಿತ್ತು. ಗಂಡನ ಆ ದೊಡ್ಡ ಮನೆಯಲ್ಲಿ ಒಬ್ಬರೂ ಅದರ ಮಾತೆತ್ತಿರಲಿಲ್ಲ, ಆಕೆ ಅತ್ತರೆ ಎದ್ದು ಹೋಗುತ್ತಿದ್ದರು. ಅದನ್ನು ಆಕೆ ಹೇಳಿದಳು, ಮಾವ ಕೂತು ಕೇಳಿದರು. ತಿಂಗಳೊಪ್ಪತ್ತಿನಲ್ಲಿ ಆಕೆ ತಾನಾಗಿ ಮರಳಿದಳು. ದೇವದುರ್ಗದ ಬಾಗಿಲುಗಳು ಮತ್ತೆ ತೆರೆದವು. ಗಡಿಗೆಪ್ಪನವರು ಮಾತ್ರ ಆ ಪ್ರತಿಯನ್ನು ಮರಳಿ ಕೊಡಲೇ ಇಲ್ಲ, ಆಕೆ ಕೇಳಲೂ ಇಲ್ಲ.

ಎಂಬತ್ತಾರರಲ್ಲಿ ನನಗೆ ವರ್ಗವಾಯಿತು. ಆಮೇಲೆ ಸಾವಿರಾರು ಪುಸ್ತಕಗಳನ್ನಿಟ್ಟುಕೊಂಡ ದೊಡ್ಡ ವಿದ್ವಾಂಸರನ್ನು ಕಂಡಿದ್ದೇನೆ. ನಾನೂ ಅಷ್ಟಿಷ್ಟು ಕೂಡಿಹಾಕಿದ್ದೇನೆ. ಆದರೆ ಎಳವೆಯಲ್ಲೇ ಇನ್ನೊಬ್ಬರ ಕಷ್ಟಕ್ಕಾಗಿ ಓದು ಕಲಿತವರ ಜಾತಿಯೇ ಬೇರೆ ಎಂದು ನನಗೆ ಖಾತ್ರಿಯಾಗಿದೆ. ಅವರಿಗೆ ಪುಸ್ತಕ ಮುಗಿಯುವುದು ಕಡೆಯ ಪುಟದಲ್ಲಲ್ಲ, ಅದು ಯಾರಿಗೆ ಬೇಕಾಗಿದೆಯೋ ಅವರ ಮನೆಯ ಬಾಗಿಲಲ್ಲಿ. ಅಂಥವರು ನಡೆದಾಡುವ ಊರಿನಲ್ಲಿ ಓದುವವರು ತಾವಾಗಿ ಹುಟ್ಟಿಕೊಳ್ಳುತ್ತಾರೆ.