ಪುಸ್ತಕದಲ್ಲಿ ಹೋಗದ ಕರೆಂಟು

ವಿನೋಬನಗರದ ಸಭಾಂಗಣದಲ್ಲಿ ಶಾಲು ಹೊದಿಸಿದಾಗ ವೀರಪ್ಪನಿಗೆ ಮೈಮೇಲೆ ಹಲ್ಲಿ ಬಿದ್ದಂತಾಯಿತು. ಕರೆಂಟು ಕೊಡುವುದರಲ್ಲಿ ಯಾವ ರಾಜ್ಯ ಮುಂದು ಎಂದು ಯಾರೋ ಹೋಲಿಸಿ ನೋಡಿದ್ದರಂತೆ. ನಮ್ಮದು ನೆರೆಯ ಎರಡು ರಾಜ್ಯಗಳನ್ನು ಹಿಂದೆ ಹಾಕಿತ್ತು. ಭದ್ರಾವತಿ ಅಂಚಿನ ಸಬ್‌ಸ್ಟೇಷನ್ನಿನ ಆಪರೇಟರ್ ವೀರಪ್ಪನ ಲಾಗ್ ಪುಸ್ತಕದಲ್ಲಂತೂ ಇಡೀ ತಿಂಗಳು ಒಂದು ನಿಮಿಷವೂ ಕರೆಂಟು ಹೋಗಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

ನಿಜಕ್ಕೂ ಆ ತಿಂಗಳು ಕರೆಂಟು ಒಂದು ಹಗಲು, ಒಂದು ರಾತ್ರಿ ಪೂರ್ತಿ ಹೋಗಿತ್ತು. ಟ್ರಾನ್ಸ್‌ಫಾರ್ಮರಿನಿಂದ ಎಣ್ಣೆ ಸೋರುತ್ತಿದೆ ಎಂದು ವೀರಪ್ಪ ಮೂರು ಸಲ ಬರೆದು ಕಳಿಸಿದ್ದರೂ ಯಾರೂ ತಿರುಗಿ ನೋಡಿರಲಿಲ್ಲ. ಅದು ಸುಟ್ಟ ಮೇಲೆ ಮಾತ್ರ ಸಾಹೇಬ ವಿಜಯೇಂದ್ರ ತಕ್ಷಣ ಫೋನ್ ಮಾಡಿದ್ದ.

"ಹೋಲಿಕೆ ನಡೀತಿದೆ ಮಾರಾಯ್ರೆ. ಪಕ್ಕದ ರಾಜ್ಯದೋರು ಹತ್ತು ನಿಮಿಷ ಹೋದ್ರೂ ಬರ್ಕೋತಾರೆ, ಅದಕ್ಕೇ ಹಿಂದೆ ಬಿದ್ದಿದಾರೆ. ನೀವು ‘ಅಡಚಣೆ ಇಲ್ಲ’ ಅಂತ ಬರೀರಿ, ಸಾಕು."

ವೀರಪ್ಪ ಬರೆದ. ಬರೆದು ಟೀ ಕುಡಿದ. ನಿಜವಾದ ಹೊತ್ತು ಮಾತ್ರ ಹಳೆಯ ಅಭ್ಯಾಸದಂತೆ ಅವನ ಚೀಲದಲ್ಲಿದ್ದ ಕಚ್ಚಾ ನೋಟ್‌ಬುಕ್ಕಿನಲ್ಲಿ ಉಳಿಯಿತು.

ಅದೇ ದಿನ ಅವನ ಸೊಸೆ ಪೂಜಿತಾ ನರ್ಸ್ ಆಗಿದ್ದ ಜನ್ನಾಪುರದ ಸಣ್ಣ ಆರೋಗ್ಯ ಕೇಂದ್ರದ ಫ್ರಿಜ್ಜಿನಲ್ಲಿ ಮಕ್ಕಳ ಲಸಿಕೆಯೆಲ್ಲ ಹಾಳಾಗಿತ್ತು. ಕರೆಂಟೇ ಇರಲಿಲ್ಲ ಎಂದಳು. ಬೀದಿಯವರೂ ಹೌದೆಂದರು. ಜನ ಹೇಳುವುದು ದಾಖಲೆಯಲ್ಲ ಎಂದು ವಿಚಾರಣೆಯ ಅಧಿಕಾರಿ ಸಬ್‌ಸ್ಟೇಷನ್ನಿನ ಲಾಗ್ ಪುಸ್ತಕದ ನಕಲು ತರಿಸಿಕೊಂಡ. ಕರೆಂಟಿತ್ತು, ಹಾಗಾದರೆ ಫ್ರಿಜ್ ಆರಿಸಿದವಳು ಇವಳೇ! ಇವತ್ತು ಉತ್ತರ ಕೊಡದಿದ್ದರೆ ಅಮಾನತು.

"ಮಾವ, ಅವತ್ತು ಪುಸ್ತಕ ಬರೆದಿದ್ದು ಯಾರು?" ಎಂದು ಅವಳು ಮೊದಲ ದಿನವೇ ಕೇಳಿದ್ದಳು.

"ಇನ್ನೊಂದು ಪಾಳಿಯೋನು ಕಣಮ್ಮ," ಎಂದು ವೀರಪ್ಪ ಸಾರು ಕಲಸಿಕೊಂಡಿದ್ದ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ಮಾವ, ಉಣ್ಣುತ್ತಿದ್ದವಳು ಸೊಸೆ. ತನ್ನ ಮೇಲೇ ಅವನಿಗೆ ಹೇಸಿಗೆಯಾಯಿತು. ಸಭೆ ಮುಗಿಯುತ್ತಲೇ ಅವನು ವಿಜಯೇಂದ್ರನನ್ನು ತಡೆದು ನೋಟ್‌ಬುಕ್ ತೋರಿಸಿದ.

"ಇದನ್ನ ಇನ್ನೂ ಇಟ್ಕೊಂಡಿದೀರಾ? ಹರಿದು ಹಾಕ್ರಿ ಮಾರಾಯ್ರೆ. ಸಿಕ್ಕಿಬಿದ್ರೆ ನಿಮ್ಮ ಪೆನ್ಷನ್ ಹೋಗೋದು, ನಂದಲ್ಲ." ಅಷ್ಟು ಹೇಳಿ ಸಾಹೇಬ ಹೋಳಿಗೆ ಊಟಕ್ಕೆ ನಡೆದ.

ವೀರಪ್ಪ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡ. ಊಟ ಬಿಟ್ಟು ಆಟೋ ಹಿಡಿದ. ಜಿಲ್ಲಾ ಆರೋಗ್ಯ ಕಚೇರಿಯ ವಿಚಾರಣೆಯ ಕೋಣೆಯಲ್ಲಿ ಪೂಜಿತಾ ತಲೆ ತಗ್ಗಿಸಿ ನಿಂತಿದ್ದಳು. ಅವನು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟ. ಅಧಿಕಾರಿ ಎರಡು ಸಲ ಓದಿದ.

"ಹಾಗಾದ್ರೆ ಲಾಗ್ ಪುಸ್ತಕದಲ್ಲಿ ಸುಳ್ಳು ಬರೆದಿದ್ದು ಯಾರು?"

"ನಾನೇ ಸಾರ್. ಮೇಲಿನೋರು ಹೇಳಿದ್ರು. ಆದ್ರೂ ಬರೆದ ಕೈ ನಂದೇ."

ಅಧಿಕಾರಿ ಅದನ್ನೇ ಬರೆಸಿಕೊಂಡು ಸಹಿ ಹಾಕಿಸಿಕೊಂಡ. ಸೊಸೆಯ ಕೆಲಸ ಉಳಿಯಿತು. ಹೊರಗೆ ಬಂದಾಗ ಅವಳು ಅತ್ತಾಳೆಂದು ವೀರಪ್ಪ ಕಾದ. ಅವಳು ಅಳಲಿಲ್ಲ.

"ಎಂಟು ದಿನ ನನ್ನನ್ನ ಸುಳ್ಳಿ ಅಂದ್ರು ಮಾವ. ಎಂಟು ದಿನವೂ ನೀವು ನನ್ನ ಕೈಯಿಂದಲೇ ಅನ್ನ ಬಡಿಸ್ಕೊಂಡು ತಿಂದ್ರಿ."

ಅಷ್ಟು ಹೇಳಿ ಅವಳು ಭದ್ರಾವತಿ ಬಸ್ಸು ಹತ್ತಿದಳು. ಪಕ್ಕದ ಸೀಟು ಖಾಲಿಯಿತ್ತು. ಅದರ ಮೇಲೆ ಅವಳು ತನ್ನ ಚೀಲ ಇಟ್ಟಳು.