ಮೊಸರುಬುತ್ತಿ ಹುಳಿಯಾಗದ ದೂರ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಸೊಕ್ಕೆ ಊರಿನ ದೊಡ್ಡಕ್ಕ. ೧೯೮೪ರ ಕಾರ್ತಿಕ ಮಾಸದಲ್ಲಿ, ತಮ್ಮ ಅಂಗಳದಲ್ಲಿ ಶೇಂಗಾ ಬಿಡಿಸಲು ಕೂತ ಹೆಂಗಸರ ನಡುವೆ. ಆಮೇಲೆ ಜಗಳೂರಿನಲ್ಲಿಯೂ ಕೇಳಿದೆ. ಅಲ್ಲಿ ಕಥೆಯ ಅಜ್ಜಿಯ ಹೆಸರು ಬೇರೆ, ಹಟ ಮಾತ್ರ ಅದೇ. ಇಲ್ಲಿ ದೊಡ್ಡಕ್ಕನ ಪಾಠವನ್ನೇ ಅನುಸರಿಸಿದ್ದೇನೆ.

ಅಜ್ಜಿ ಕೊಲ್ಲಾಪುರಮ್ಮನ ಮನೆತನದಲ್ಲಿ ಹೆಣ್ಣು ಕೊಡುವುದಕ್ಕೆ ಒಂದು ಅಳತೆಯಿತ್ತು. ತವರಿನಲ್ಲಿ ಕಟ್ಟಿದ ಮೊಸರುಬುತ್ತಿ ಹುಳಿಯಾಗುವ ಮೊದಲೇ ಗಂಡನ ಮನೆ ಸಿಗಬೇಕು. ಈ ಅಳತೆಯಿಂದಾಗಿ ಅವರ ಹೆಣ್ಣುಮಕ್ಕಳು ಯಾರೂ ದಾವಣಗೆರೆಯಿಂದಾಚೆಗೆ ಹೋಗಿರಲಿಲ್ಲ. ಹೀಗಿರುವಾಗ ಮೊಮ್ಮಗಳು ದ್ಯಾಮಮ್ಮನನ್ನು ನೋಡಲು ಬಂದ ಮರುಳಪ್ಪ, ದುಬೈಯಲ್ಲಿ ಕರೆಂಟಿನ ಕೆಲಸ ಮಾಡುವವನು. ದ್ಯಾಮಮ್ಮನಿಗೆ ಅವನು ಮೆಚ್ಚಿಗೆಯಾಗಿದ್ದ. ಅಜ್ಜಿ ಹೂಂ ಎನ್ನುವುದೊಂದೇ ಬಾಕಿ.

“ಅಷ್ಟು ದೂರ ಕೊಡಾಕಿಲ್ಲ,” ಎಂದಳು ಅಜ್ಜಿ.

“ದೂರ ಎಲ್ಲೈತವ್ವಾ?” ಎಂದ, ಹುಡುಗನ ಸೋದರಮಾವ ಬೈಲಪ್ಪ. “ಹನ್ನೆರಡು ನೂರು ಮೈಲಿ ಐತೆ, ಖರೆ. ಆದ್ರೆ ಬೊಂಬಾಯಾಗೆ ಹತ್ತು ಗಂಟೆಗೆ ವಿಮಾನ ಏರಿದ್ರೆ, ದುಬೈಯಾಗೆ ಇಳಿದಾಗ ಅಲ್ಲಿನ ಗಡಿಯಾರದಾಗೆ ಹನ್ನೊಂದೂವರೆ. ನಮ್ಮ ಬಸ್ಸು ದಾವಣಗೆರೆ ಮುಟ್ಟಾಕೂ ಅಷ್ಟೊತ್ತು ಬೇಕ್ರೀ!”

ಅಜ್ಜಿಯ ಮುಖ ಸಡಿಲವಾಯಿತು. “ಮತ್ತೆ ಬರಾಕೆ?”

ಮರುಳಪ್ಪ ಸುಳ್ಳರಿಯದವನು. “ಅಲ್ಲಿ ಹತ್ತಕ್ಕೆ ಏರಿದ್ರೆ ಬೊಂಬಾಯಾಗೆ ಇಳಿದಾಗ ಎರಡೂವರೆ ಆಗಿರ್ತೈತೆ ಅಜ್ಜಿ.” ಬೈಲಪ್ಪ ಅವನ ತೊಡೆ ಚಿವುಟಿದ; ಆದರೆ ಮಾತು ಹೊರಬಿದ್ದಾಗಿತ್ತು.

“ನೋಡಿದ್ರಾ! ಗಂಡನ ಮನಿಗೆ ಓಡ್ತೈತೆ, ತವರಿಗೆ ಬರಾಕೆ ಮಾತ್ರ ಕಾಲೆಳಿತೈತೆ. ಇಂಥ ವಿಮಾನ ನಮಗೆ ಬ್ಯಾಡ.”

ಸೂರ್ಯ ಇಲ್ಲಿ ಮೊದಲು ಹುಟ್ಟುತ್ತಾನೆ, ಅಲ್ಲಿ ಒಂದೂವರೆ ತಾಸು ತಡವಾಗಿ ಹುಟ್ಟುತ್ತಾನೆ, ವ್ಯತ್ಯಾಸವೆಲ್ಲ ಗಡಿಯಾರದ್ದು ಎಂದು ಮರುಳಪ್ಪ ವಿವರಿಸಿದ.

“ಸೂರ್ಯನ್ನೂ ನಿನ್ನ ಕಡೀಗೆ ಮಾಡ್ಕಂಡು ಬಂದೀಯೇನಪ್ಪಾ?” ಎಂದಳು ಅಜ್ಜಿ.

ಆಗ ಬಾಗಿಲ ಹಿಂದಿನಿಂದ ದ್ಯಾಮಮ್ಮನ ಧ್ವನಿ ಬಂತು. “ಅಜ್ಜೀ, ಬುತ್ತಿ ಗಡಿಯಾರ ನೋಡಿ ಹುಳಿಯಾಗ್ತೈತಾ? ವಿಮಾನದಾಗೆ ಕುಂತಿರೋದು ಹೋಗಾಕೂ ಮೂರು ತಾಸು, ಬರಾಕೂ ಮೂರು ತಾಸು. ಮೊಸರಿಗೇನು ಗೊತ್ತು ದುಬೈ ಟೈಮು?”

ತನ್ನದೇ ಅಳತೆ, ತಳ್ಳಿಹಾಕುವಂತಿಲ್ಲ. ಅಜ್ಜಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು.

“ಹಂಗಾರೆ ದುಬೈ ಹತ್ರನೇ ಐತೆ. ದೂರ ಇರೋದು ಬೊಂಬಾಯಿ. ಅಲ್ಲೀಗಂಟ ಹೋಗೋದ್ರಾಗೆ ಬುತ್ತಿ ಹಳಸ್ತೈತಲ್ಲ?”

ಬೈಲಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ.

“ಹಂಗ್ಯಾಕೆ ಕುಂತೀಯೋ? ಬೊಂಬಾಯಿಗೆ ನಾನೇ ಬರ್ತೀನಿ. ಅಲ್ಲೇ ಅನ್ನ ಮಾಡಿ ಬುತ್ತಿ ಕಟ್ತೀನಿ. ಲಗ್ನ ಯಾವತ್ತು, ಅದು ಹೇಳು.”

ಲಗ್ನವಾಯಿತು. ಅಜ್ಜಿ ಸೀಮೆಎಣ್ಣೆ ಸ್ಟೌ ಹೊತ್ತು ಬೊಂಬಾಯಿಗೆ ಹೋದಳು, ಬೆಳಗಿನ ಜಾವ ಎದ್ದು ಬುತ್ತಿ ಕಟ್ಟಿದಳು, ಮೊಮ್ಮಗಳನ್ನು ಗಂಡನ ಜೊತೆ ಕಳಿಸಿಕೊಟ್ಟಳು.

“ದುಬೈ ಮುಟ್ಟೋದ್ರಾಗೆ ಹುಳಿಯಾಗಿತ್ತೇನಕ್ಕಾ?” ಎಂದು ಅಂಗಳದಲ್ಲಿ ಕಥೆ ಕೇಳುತ್ತಿದ್ದ ಒಬ್ಬಾಕೆ ಕೇಳಿದಳು.

“ಹುಳಿಯಾಗಾಕೆ ಉಳಿದಿದ್ರಲ್ಲೇನೆ? ವಿಮಾನ ಮೇಲೇಳೋದ್ರೊಳಗೆ ಮರುಳಪ್ಪ ತಿಂದು ಕೈ ತೊಳೆದಿದ್ದ!” ಎಂದರು ದೊಡ್ಡಕ್ಕ.

ಹೆಂಗಸರು ನಗುತ್ತಲೇ ಮಡಿಲ ಸಿಪ್ಪೆ ಕೊಡವಿ ಎದ್ದು, ಹೊತ್ತು ಮುಳುಗುವ ಮೊದಲೇ ತಮ್ಮ ತಮ್ಮ ಮನೆಗಳಿಗೆ ಹೋದರು.