ಒಲ್ಲೆ ಅಂದವರ ಊಟ

ನಾನಾಗ ಹೈದರಾಬಾದಿನ ಗಿರಣಿಯಲ್ಲಿದ್ದೆ. ಅದಾಲತ್ತಿನ ಕೆಲಸಕ್ಕೆಂದು ಜೇವರ್ಗಿ ಕಡೆಯ ಕೊಳಕೂರಿನಿಂದ ಬಂದ ಸೈದಪ್ಪ ಮಾವನನ್ನು ಗಂಗಾಬಾಯಿಯ ಖಾನಾವಳಿಗೆ ಕರೆದೊಯ್ದೆ. ಅಷ್ಟು ದೊಡ್ಡ ಶಹರದಲ್ಲಿ ಮಾಂಸ ಮುಟ್ಟದ ಬಡವರು ಹೊಟ್ಟೆ ತುಂಬ ಉಣ್ಣುವ ಜಾಗ ನನಗೆ ಗೊತ್ತಿದ್ದದ್ದು ಅದೊಂದೇ. ರೊಟ್ಟಿ ಎಷ್ಟಾದರೂ ಹಾಕುತ್ತಿದ್ದರು.

ಹಿಂದಿನ ದಿನದಿಂದ ಉಪವಾಸವಿದ್ದ ಮಾವ ಒಂದು ರೊಟ್ಟಿ ಮುಗಿಸಿದ. ಗಂಗಾಬಾಯಿ ಬುಟ್ಟಿ ಹಿಡಿದು ಬಂದಳು.

"ಒಲ್ಲೆವ್ವ," ಎಂದ ಮಾವ. ನಮ್ಮ ಕಡೆ ಎರಡು ಮೂರು ಸಲ ಒತ್ತಾಯ ಮಾಡಿಸಿಕೊಂಡು ಉಣ್ಣುವುದೇ ಮರ್ಯಾದೆ. ಆಕೆ ಮುಂದೆ ಹೋದಳು. ಮಾವ ಖಾಲಿ ತಾಟು ನೋಡುತ್ತ ಕುಳಿತ.

"ಕೇಳ್ರಿ ಮಾವಾ."

"ಕೇಳಿ ಉಣ್ಣಾಕ ನಾ ಏನ್ ಭಿಕ್ಷಾಕ್ಕ ಬಂದೇನೇನ್ಲೇ?"

ನನಗೆ ಸಿಟ್ಟು ನೆತ್ತಿಗೇರಿತು. "ಬಾಯಾರ, ಇನ್ನೊಂದ್ ಸಲ ಕೇಳಿದ್ರ ನಿಮ್ಮ ನಾಲಿಗಿ ಸವೀತದೇನ್ರಿ?"

"ಒಲ್ಲೆ ಅಂದವ್ರಿಗಿ ಹಾಕಿದ್ರ ಇಲ್ಲಿ ಮಂದಿ ಜಗಳಕ್ಕ ಬರ್ತಾರ. ನೀನೇ ಹಾಕು," ಎಂದು ಗಂಗಾಬಾಯಿ ಬುಟ್ಟಿಯನ್ನು ನನ್ನ ಕೈಗೇ ಕೊಟ್ಟಳು.

"ಉಣ್ರಿ ಮಾವಾ."

"ಒಲ್ಲೆ."

"ನನ್ನಾಣಿ, ಉಣ್ರಿ."

"ಒಲ್ಲೆಂದ್ರ ಒಲ್ಲೆ."

ಹಾಕಿದೆ. ಮಾವ ನನ್ನನ್ನು ಬೈಯುತ್ತಲೇ ಅರ್ಧ ಬುಟ್ಟಿ ಖಾಲಿ ಮಾಡಿದ.

ಬುಟ್ಟಿ ಇಡಲು ಹೊರಟಾಗ ಪಕ್ಕದ ಸಾಲಿನ ಮುದುಕನೊಬ್ಬ ನನ್ನ ಅಂಗಿ ಜಗ್ಗಿದ. ಅವನ ತಾಟೂ ಖಾಲಿಯಿತ್ತು.

"ತಮ್ಮಾ, ನಾ ಅಫಜಲಪುರದಾವ. ನಾನೂ ಒಲ್ಲೆ."